ಮೇಲಿನ ತೊಟ್ಟಿ ಕುಡಿಯಲು, ಕೆಳಗಿನದು ಮುಸುರೆಗೆ: ಗುಜೊ ಹಚಿಮನ್ ಸುತ್ತಾಟದ ಪ್ರಶ್ನೆಗಳು

ಪ್ರಶ್ನೆ: ಮೇ ತಿಂಗಳಲ್ಲಿ ಜಪಾನಿನ ನಗೋಯಾದಲ್ಲಿರುವ ಮಗನ ಮನೆಗೆ ಹೋಗುವವರಿದ್ದೇವೆ. ಅಲ್ಲಿಂದ ಒರತೆ ನೀರಿಗೆ ಹೆಸರಾದ ಗುಜೊ ಹಚಿಮನ್ ಎಂಬ ಊರನ್ನು ಒಂದು ದಿನದಲ್ಲಿ ನೋಡಿ ಬರಬಹುದಂತೆ. ನನಗೆ ಅರವತ್ತೆಂಟು, ಮಂಡಿನೋವು ಬೇರೆ. ಹೇಗೆ ಹೋಗಬೇಕು, ಎಷ್ಟು ನಡೆಯಬೇಕು? (ಓದುಗರು, ಮೈಸೂರು)

ಉತ್ತರ: ಧಾರಾಳವಾಗಿ ಹೋಗಿ ಬನ್ನಿ. ಗಿಫು ಪ್ರಾಂತ್ಯದ ಈ ಊರಿಗೆ ನಗೋಯಾದಿಂದ ಹೆದ್ದಾರಿ ಬಸ್ಸಿನಲ್ಲಿ ಸುಮಾರು ಒಂದೂವರೆ ಗಂಟೆ. ಎಡವಟ್ಟಾಗುವುದು ಇಳಿಯುವ ಜಾಗದಲ್ಲಿ. ಕೆಲವು ಬಸ್ಸುಗಳು ಊರೊಳಗೆ ಬರದೆ ಹೆದ್ದಾರಿ ಪಕ್ಕದ ‘ಗುಜೊ ಹಚಿಮನ್ ಇಂಟರ್’ ನಿಲ್ದಾಣದಲ್ಲೇ ಇಳಿಸಿ ಮುಂದೆ ಹೋಗುತ್ತವೆ. ಟಿಕೆಟ್ ಮಾಡಿಸುವಾಗ ‘ಜೋಕಾಮಾಚಿ ಪ್ಲಾಜಾ’ಕ್ಕೆ ಹೋಗುವ ಬಸ್ಸೇ ಎಂದು ಕೇಳಿಕೊಳ್ಳಿ. ಅದು ಹಳೇ ಪೇಟೆಯ ನಡುವೆಯೇ ಇದೆ. ರೈಲೇ ಬೇಕೆಂದರೆ ಮಿನೊ-ಓಟಾ ಸ್ಟೇಷನ್ನಿನಲ್ಲಿ ನಗಾರಾಗಾವಾ ರೈಲು ಹಿಡಿಯಬೇಕು. ನದಿಯ ಪಕ್ಕದಲ್ಲೇ ಸಾಗುವ ಪುಟ್ಟ ಡೀಸೆಲ್ ಬಂಡಿ, ಅಲ್ಲಿಂದ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಆ ಮಾರ್ಗದಲ್ಲಿ ಜೆಆರ್ (ಜಪಾನ್ ರೈಲ್ವೇಸ್) ಪಾಸ್ ನಡೆಯುವುದಿಲ್ಲ. ಸ್ಟೇಷನ್ನಿನಿಂದ ಪೇಟೆಗೆ ಮತ್ತೆ ಇಪ್ಪತ್ತು ನಿಮಿಷದ ನಡಿಗೆ. ನಿಮ್ಮ ಮಂಡಿಗೆ ಬಸ್ಸೇ ಸರಿ.

ಸುತ್ತಾಟ ಎಲ್ಲ ಸೇರಿ ಎರಡು ಕಿಲೋಮೀಟರ್ ಆಸುಪಾಸು, ಎರಡು ಗಂಟೆ ಇಟ್ಟುಕೊಳ್ಳಿ. ಜೋಕಾಮಾಚಿ ಪ್ಲಾಜಾದಿಂದ ಮೊದಲು ಸೋಗಿಸುಯಿ ಒರತೆಗೆ ಹೋಗಿ. ಆಮೇಲೆ ಬಡಗಿ, ಕಮ್ಮಾರರ ಹಳೇ ಬೀದಿಗಳಾದ ಶೊಕುನಿನ್‌ಮಾಚಿ, ಕಾಜಿಮಾಚಿ, ಜೊತೆಗೆ ಯಾನಾಗಿಮಾಚಿ ಬೀದಿ. ಅಲ್ಲಿಂದ ತಿರುಗಿ ಯೊಶಿದಾ ನದಿಯ ಶಿನ್‌ಬಾಶಿ ಸೇತುವೆ ದಾಟಿದರೆ ಹಳೇ ಪುರಭವನ. ಅದರ ಪಕ್ಕದಿಂದಲೇ ಇಗಾವಾ ಕೊಮಿಚಿ ಎಂಬ 119 ಮೀಟರ್ ಉದ್ದದ ಕಾಲುವೆ ಓಣಿ ಶುರು. ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲ, ಕೆಳಗೆ ನೀರಿನಲ್ಲಿ ಮೊಳದುದ್ದದ ಕೊಯ್ ಮೀನುಗಳು. ಇಲ್ಲಿ ಬೆಳಿಗ್ಗೆ ಹತ್ತರೊಳಗೆ ಹೋದರೆ ಆರಾಮ. ಟೂರಿಸ್ಟ್ ಗುಂಪು ಎದುರಾದರೆ ಗೋಡೆಗೆ ಒರಗಿ ನಿಲ್ಲುವುದೇ ಕೆಲಸವಾಗುತ್ತದೆ. ಕೊನೆಗೆ ಯಾನಾಕಾ ಓಣಿ ನೋಡಿ. ನೆಲಕ್ಕೆ ಹೊಳೆಯ ಗುಂಡುಕಲ್ಲು ಹಾಸಿದ್ದಾರೆ. ಮಳೆ ಬಿದ್ದರೆ ಜಾರುತ್ತದೆ, ಚರ್ಮದ ಅಟ್ಟೆಯ ಚಪ್ಪಲಿ ಬೇಡ. ಗುಡ್ಡದ ಮೇಲಿನ ಕೋಟೆ 1933ರಲ್ಲಿ ಮರದಲ್ಲೇ ಮತ್ತೆ ಕಟ್ಟಿದ್ದು. ಏರು ಕಡಿದು, ಅದನ್ನು ಮಗನಿಗೆ ಬಿಡಿ.

ಪ್ರಶ್ನೆ: ಅಲ್ಲಿನ ಒರತೆ ನೀರನ್ನು ನೇರವಾಗಿ ಕುಡಿಯಬಹುದೇ? ಒಂದರ ಕೆಳಗೊಂದು ತೊಟ್ಟಿ ಇರುವ ಫೋಟೊ ನೋಡಿದೆ. ಯಾವುದು ಏನಕ್ಕೆ? (ಓದುಗರು, ಶಿರಸಿ)

ಉತ್ತರ: ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಹೋದವರೇ ಅಲ್ಲಿ ಮುಜುಗರಪಡುವುದು. ಆ ತೊಟ್ಟಿಗಳ ಹೆಸರು ಮಿಜುಬುನೆ, ಪದಶಃ ‘ನೀರಿನ ದೋಣಿ’. ನಮ್ಮಲ್ಲೂ ಕಲ್ಲು ಕೊರೆದು ಮಾಡಿದ ತೊಟ್ಟಿಗೆ ದೋಣಿ ಎನ್ನುವ ವಾಡಿಕೆ ಇದೆಯಲ್ಲ, ಹಾಗೆಯೇ. ಒಂದರಿಂದ ಒಂದು ತುಸು ತಗ್ಗಾಗಿ ಎರಡು ಅಥವಾ ಮೂರು ತೊಟ್ಟಿ. ಒರತೆ ನೀರು ಮೊದಲು ಬೀಳುವ ಮೇಲಿನ ತೊಟ್ಟಿ ಕುಡಿಯಲು, ಹಣ್ಣು ತಣ್ಣಗಿಡಲು. ಅದು ತುಂಬಿ ಹರಿದದ್ದು ಎರಡನೆಯದಕ್ಕೆ; ಅಲ್ಲಿ ತರಕಾರಿ ತೊಳೆಯುತ್ತಾರೆ. ಅದರ ಕೆಳಗೆ ಪಾತ್ರೆ. ಪಾತ್ರೆಯಿಂದ ಬಿಟ್ಟ ಅನ್ನದ ಅಗುಳು ಕೊನೆಯ ಕೊಳಕ್ಕೆ ಹೋಗುತ್ತದೆ, ಅಲ್ಲಿ ಸಾಕಿದ ಮೀನು ಅದನ್ನು ತಿಂದು ಮುಗಿಸುತ್ತದೆ, ಉಳಿದ ನೀರು ಹೊಳೆಗೆ. ಮಡಿ ಮುಸುರೆಯ ಲೆಕ್ಕ ಬಲ್ಲ ಮನೆಯವರಿಗೆ ಇದನ್ನು ಎರಡು ಸಲ ಹೇಳಬೇಕಿಲ್ಲ.

ಸೋಗಿಸುಯಿಯಲ್ಲಿ ಇದೇ ಕ್ರಮ ಇನ್ನಷ್ಟು ಕಟ್ಟುನಿಟ್ಟು. ಮೇಲೆ ಗುಡಿಯಂಥ ಮಾಡಿನ ಕೆಳಗೆ ಒರತೆಯ ಕಣ್ಣು, ಅದು ಕುಡಿಯಲು. ಮುಂದಿನದು ಅಕ್ಕಿ ತೊಳೆಯಲು, ಅದರ ಮುಂದಿನದು ತರಕಾರಿಗೆ, ಕೊನೆಯದು ಮರದ ಬಾನಿ ಗೀನಿ ನೆನೆಹಾಕಲು. 15ನೇ ಶತಮಾನದ ಕವಿ ಸೋಗಿ ಇಲ್ಲಿನ ಪಾಳೆಯಗಾರ ತೋ ತ್ಸುನೆಯೊರಿಯ ಬಳಿ ಕಾವ್ಯಪಾಠಕ್ಕೆ ಬಂದಿದ್ದ. ಒರತೆಗೆ ಅವನದೇ ಹೆಸರು. 1985ರಲ್ಲಿ ಜಪಾನಿನ ಪರಿಸರ ಇಲಾಖೆ ನಾಡಿನ ನೂರು ಉತ್ತಮ ನೀರುಗಳನ್ನು ಆರಿಸಿದಾಗ ಮೊದಲು ಸೇರಿದ್ದು ಇದೇ.

ಕುಡಿಯುವ ರೀತಿ ಹೀಗೆ. ಮೇಲಿನ ತೊಟ್ಟಿಯಿಂದ ಮಾತ್ರ, ಸೌಟಿನಲ್ಲಿ ತೆಗೆದು ನಿಮ್ಮ ಲೋಟಕ್ಕೋ ಬಾಟಲಿಗೋ ಎತ್ತಿ ಹುಯ್ದುಕೊಳ್ಳಿ. ಸೌಟಿಗೆ ಬಾಯಿ ಹಚ್ಚಬೇಡಿ. ಬಾಟಲಿಯನ್ನೇ ಮುಳುಗಿಸಿದರೆ ಅದರ ಹೊರಮೈಯ ಕೊಳೆಯೆಲ್ಲ ಕೆಳಗಿನ ಮೂರೂ ತೊಟ್ಟಿಗೆ ಇಳಿಯುತ್ತದೆ. ಕೈ ತೊಳೆಯುವುದಿದ್ದರೆ ತೊಟ್ಟಿಯಿಂದಾಚೆ, ಬಗ್ಗಿಸಿದ ನೀರಿನಲ್ಲಿ. ಇದು ಕ್ಲೋರಿನ್ ಹಾಕದ ನೀರು; ತುಂಬಿಸಿಕೊಂಡರೆ ಅಂದೇ ಮುಗಿಸಿ. ಹೊಟ್ಟೆ ಸೂಕ್ಷ್ಮ ಇರುವವರು, ಜೋರು ಮಳೆಯ ಮರುದಿನ ಹೋದವರು ರುಚಿಗೆ ಒಂದು ಗುಟುಕಿಗೆ ನಿಲ್ಲಿಸುವುದು ಮೇಲು. ಬೋರ್‌ವೆಲ್‌ನ ಗಡಸು ನೀರಿಗೆ ಒಗ್ಗಿದ ನಾಲಿಗೆಗೆ ಮೊದಲು ಸಪ್ಪೆ ಎನಿಸೀತು.

ಪ್ರಶ್ನೆ: ಬೀದಿ ಬದಿಯ ಕಾಲುವೆಗಳಲ್ಲಿ ಅಲ್ಲಲ್ಲಿ ಮರದ ಹಲಗೆ ಸಿಕ್ಕಿಸಿರುತ್ತಾರಲ್ಲ, ಅದೇಕೆ? ಸೂರಿನಲ್ಲಿ ಬಕೆಟ್ ಬೇರೆ ನೇತುಹಾಕಿದ್ದಾರೆ. (ಓದುಗರು, ಬೆಂಗಳೂರು)

ಉತ್ತರ: ಎರಡಕ್ಕೂ ಮೂಲ ಬೆಂಕಿ. 1652ರಲ್ಲಿ ಪೇಟೆ ಸುಟ್ಟುಹೋದ ಮೇಲೆ ಆಗಿನ ದೊರೆ ಎಂಡೊ ತ್ಸುನೆತೊಮೊ ಬೀದಿಗಳಿಗೆ ಕಾಲುವೆ ತೋಡಿಸಿದ. ಮನೆ ಮನೆಗೆ ಒತ್ತಿ ಮರದಲ್ಲಿ ಕಟ್ಟಿದ ಪೇಟೆಗೆ ಬೇರೆ ರಕ್ಷಣೆ ಇರಲಿಲ್ಲ. ಹಾಗಿದ್ದೂ 1919ರಲ್ಲಿ ಹೊಳೆಯ ಉತ್ತರದ ಭಾಗ ಮತ್ತೆ ಉರಿಯಿತು. ಬಕೆಟ್ ನೇತಾಡುವುದು ಅದಕ್ಕೇ, ಅಲಂಕಾರಕ್ಕಲ್ಲ.

ಹಲಗೆಗೆ ಸೆಕಿಇತಾ ಎನ್ನುತ್ತಾರೆ. ಕಾಲುವೆಯ ಎರಡೂ ಬದಿಯ ಕಲ್ಲಿನಲ್ಲಿ ಸೀಳು ಕೊರೆದಿರುತ್ತದೆ. ಅದಕ್ಕೆ ಹಲಗೆ ಇಳಿಸಿದರೆ ನೀರು ಅಲ್ಲೇ ಏರುತ್ತದೆ. ಬಟ್ಟೆ ಜಾಲಿಸಲು, ಬೇಸಿಗೆಯಲ್ಲಿ ಬೀದಿಗೆ ನೀರು ಚಿಮುಕಿಸಲು, ಬೆಂಕಿ ಬಿದ್ದರೆ ಬಕೆಟ್ ಅದ್ದಲು ಅಷ್ಟು ಆಳ ಬೇಕು. ಕೆಲಸ ಮುಗಿದ ಮೇಲೆ ತೆಗೆಯಲೇಬೇಕು. ಮರೆತರೆ ಎಲೆ ಕಸ ಕಟ್ಟಿಕೊಂಡು ಮೇಲಿನ ಮನೆಯ ಬಾಗಿಲಿಗೆ ನೀರು ಉಕ್ಕುತ್ತದೆ, ಕೆಳಗಿನ ಮನೆಗೆ ನೀರೇ ಇಲ್ಲ. ಹಾಗಾಗಿ ಫೋಟೊಗೆಂದು ಹಲಗೆ ಎತ್ತುವುದು, ಇಳಿಸುವುದು ಬೇಡ. ಇಗಾವಾ ಓಣಿಯ ಮಾಡು ಹಾಕಿದ ಒಗೆಯುವ ಕಟ್ಟೆಗಳೂ ನೆರೆಹೊರೆಯವರು ಸೇರಿ ನೋಡಿಕೊಳ್ಳುವಂಥವು. ಯಾರಾದರೂ ಬಟ್ಟೆ ಹಿಡಿದು ಬಂದರೆ ಜಾಗ ಬಿಡಿ. ಮೀನಿಗೆ ಬ್ರೆಡ್ ಎಸೆಯಬೇಡಿ.

ಪ್ರಶ್ನೆ: ಸಸ್ಯಾಹಾರಿಗಳ ಗತಿ? (ಓದುಗರು, ಉಡುಪಿ)

ಉತ್ತರ: ಬುತ್ತಿ ಒಯ್ಯಿರಿ. ಒಳ್ಳೆಯ ನೀರಿನ ಊರಾದ್ದರಿಂದ ಸೋಬಾ ಶಾವಿಗೆ ಚೆನ್ನಾಗಿರುತ್ತದೆ, ಆದರೆ ಅದ್ದಿಕೊಳ್ಳುವ ಸಾರು ಸಾಮಾನ್ಯವಾಗಿ ಒಣಮೀನಿನದು. ‘ಮಾಂಸ ಬೇಡ’ ಎಂದರೆ ಸಾಲದು, ‘ದಾಶಿ’, ಅಂದರೆ ಸಾರಿನ ಮೂಲ ರಸ, ಏತರದು ಎಂದು ಕೇಳಬೇಕು. ಬಾಯಿಗೆ ಹಾಕಿಕೊಳ್ಳಲು ದಾಲ್ಚಿನ್ನಿ ಪರಿಮಳದ ನಿಕ್ಕಿ ಉಂಡೆ ಮಿಠಾಯಿ ಸಿಗುತ್ತದೆ.

ಪ್ರಶ್ನೆ: ಮಕ್ಕಳಿಗೆ ಬರೀ ನೀರು ನೋಡಿ ಬೇಸರವಾದರೆ? ಆಗಸ್ಟಿನಲ್ಲಿ ಹೋಗಬಹುದೇ? (ಓದುಗರು, ಹುಬ್ಬಳ್ಳಿ)

ಉತ್ತರ: ಹೋಟೆಲಿನ ಗಾಜಿನ ಕಪಾಟಿನಲ್ಲಿಡುವ ಮೇಣದ ತಿಂಡಿ ಮಾದರಿಗಳನ್ನು ಉದ್ಯಮವಾಗಿಸಿದ ಇವಾಸಾಕಿ ತಾಕಿಝೊ ಈ ಊರಿನವರೇ. ಅದನ್ನು ಮಾಡಿ ಕಲಿಯುವ ಅಂಗಡಿಗಳಿವೆ. ಬೆಚ್ಚಗಿನ ನೀರಿನ ಮೇಲೆ ಕರಗಿದ ಬಿಳಿ ಮೇಣ, ಅದಕ್ಕೆ ತಾಗಿಸಿ ಹಸಿರು ಮೇಣ ಹುಯ್ಯಬೇಕು. ಅಂಚು ಹಿಡಿದು ನೀರೊಳಗೆ ಮೆಲ್ಲಗೆ ಎಳೆದರೆ ಪದರ ತೆಳುವಾಗಿ ಸುಕ್ಕುಗಟ್ಟಿ ಲೆಟ್ಯೂಸ್ ಎಲೆಯಾಗುತ್ತದೆ. ನೀರು ತಣ್ಣಗಿದ್ದರೆ ಎಳೆಯುವ ಮೊದಲೇ ಗಟ್ಟಿಯಾಗಿ ಸೀಳುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಅದನ್ನು ಬಿಟ್ಟು ಬರಬೇಡಿ.

ಆಗಸ್ಟ್ 13ರಿಂದ 16ರವರೆಗೆ ಗುಜೊ ಒದೊರಿ ಕುಣಿತ ರಾತ್ರಿಯಿಡೀ ನಡೆಯುತ್ತದೆ. ಯಾರು ಬೇಕಾದರೂ ವೃತ್ತಕ್ಕೆ ಸೇರಬಹುದು. ಕುಣಿಯಲು ಅದೇ ಹೊತ್ತು, ಆರಾಮ ನಡಿಗೆಗೆ ಅಲ್ಲ. ಕೋಣೆಗಳನ್ನು ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು. ಬೇಸಿಗೆಯಲ್ಲಿ ಊರ ಹುಡುಗರು ಶಿನ್‌ಬಾಶಿ ಸೇತುವೆಯಿಂದ ಹನ್ನೆರಡು ಮೀಟರ್ ಕೆಳಗಿನ ಹೊಳೆಗೆ ಹಾರುವುದು ಕಂಡೀತು. ಬಂಡೆ ಎಲ್ಲಿದೆ, ಮಡು ಎಲ್ಲಿದೆ ಎಂದು ಚಿಕ್ಕಂದಿನಿಂದ ಬಲ್ಲವರು ಅವರು. ನಿಮ್ಮ ಮಕ್ಕಳ ಕೈ ಬಿಡಬೇಡಿ.