ಹಸಿರು ಕಲ್ಲಿನ ಬಿರುಕಲ್ಲಿ ಬಿಳಿ ಸೂಜಿ

ಪ್ರಶ್ನೆ: ನಾವಿರೋದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಲಿ. ಇಲ್ಲಿ ಕಲ್ಲು-ಹರಳುಗಳ ಪ್ರದರ್ಶನ ಒಂದ್ರಲ್ಲಿ ಕಪ್ಪು ಹಸಿರು ಕಲ್ಲಿನ ಬಿರುಕಲ್ಲಿ ರೇಷ್ಮೆ ತರ ಹೊಳೆಯೋ ಬಿಳಿ ಸೂಜಿಗಳ ಗೊಂಚಲು ನೋಡಿದೆ, ಚೀಟಿಲಿ ‘ಆರ್ಟಿನೈಟ್, ಸ್ಯಾನ್ ಬೆನಿಟೊ ಕೌಂಟಿ’ ಅಂತಿತ್ತು. ಮೆಗ್ನೀಸಿಯಂ ಕಾರ್ಬೊನೇಟಂತೆ. ಮೆಗ್ನೀಸಿಯಂ ಎಲ್ಲಾ ಕಡೆ ಇರುತ್ತಲ್ಲ, ಇದ್ಯಾಕೆ ಅಪರೂಪ?

ಉತ್ತರ: ಆ ಹಸಿರು ಕಲ್ಲು ಸರ್ಪೆಂಟಿನೈಟ್. ಭೂಮಿ ಆಳದಿಂದ ಮೇಲೆ ಬಂದ ಪೆರಿಡೊಟೈಟ್ ಕಲ್ಲಿಗೆ ನೀರು ಹೊಕ್ಕಾಗ ಅದರಲ್ಲಿರೋ ಆಲಿವೀನ್ ಅನ್ನೋ ಖನಿಜ ಬದಲಾಗಿ ಸರ್ಪೆಂಟೀನ್ ಅನ್ನೋ ಇನ್ನೊಂದು ಖನಿಜ ಆಗುತ್ತೆ, ಜೊತೆಗೆ ಬ್ರೂಸೈಟ್ ಅನ್ನೋದೂ ಹುಟ್ಟುತ್ತೆ, ಅದು ಬರೀ ಮೆಗ್ನೀಸಿಯಂ ಹೈಡ್ರಾಕ್ಸೈಡು, ಹೊಟ್ಟೆ ಕಟ್ಟಿದಾಗ ಕುಡಿಯೋ ಮಿಲ್ಕ್ ಆಫ್ ಮೆಗ್ನೀಷಿಯಾದಲ್ಲಿರೋ ಅದೇ ಪದಾರ್ಥ. ಸರ್ಪೆಂಟೀನ್ ಸುಲಭಕ್ಕೆ ಕರಗಲ್ಲ, ಬ್ರೂಸೈಟ್ ಕರಗುತ್ತೆ. ಮಳೆನೀರು ಗಾಳಿ, ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೊತ್ಕೊಂಡು ಬಿರುಕಿಗಿಳಿದಾಗ ಬ್ರೂಸೈಟಿನ ಮೆಗ್ನೀಸಿಯಂ, ಆ ಡೈಆಕ್ಸೈಡ್ ಎರಡೂ ಸೇರಿ ಕಾರ್ಬೊನೇಟ್ ಕಟ್ಟುತ್ತೆ.

ಇಲ್ಲೇ ಇರೋದು ನನಗೆ ತುಂಬಾ ಇಷ್ಟವಾದ ವಿಷ್ಯ. ಲೆಕ್ಕದ ಪ್ರಕಾರ ಅಲ್ಲಿ ಮ್ಯಾಗ್ನೆಸೈಟ್ ಅಂದ್ರೆ ನೀರಿಲ್ಲದ ಕಾರ್ಬೊನೇಟ್ ಆಗ್ಬೇಕಿತ್ತು, ಆದ್ರೆ ನೀರಲ್ಲಿರೋ ಮೆಗ್ನೀಸಿಯಂ ತನ್ನ ಸುತ್ತ 6 ನೀರಿನ ಅಣುಗಳನ್ನ ಎಷ್ಟು ಬಿಗಿಯಾಗಿ ಹಿಡ್ಕೊಂಡಿರುತ್ತೆ ಅಂದ್ರೆ, ತಣ್ಣಗಿರೋ ಜಾಗದಲ್ಲಿ ಅವನ್ನ ಬಿಡಿಸೋದೇ ಕಷ್ಟ. ಅದಕ್ಕೇ ಮ್ಯಾಗ್ನೆಸೈಟ್ ತೀರಾ ನಿಧಾನ, ನೀರನ್ನೂ ಒಳಗೆ ಸೇರಿಸ್ಕೊಂಡ ಹರಳುಗಳೇ ಮೊದ್ಲು ಕಟ್ಕೊಳ್ಳೋದು. ಇಂಗಾಲದ ಡೈಆಕ್ಸೈಡ್ ಚೆನ್ನಾಗಿ ಸಿಕ್ರೆ ಹೈಡ್ರೋಮ್ಯಾಗ್ನೆಸೈಟ್, ಅದರಲ್ಲಿ 5 ಮೆಗ್ನೀಸಿಯಂಗೆ 4 ಕಾರ್ಬೊನೇಟ್. ಆರ್ಟಿನೈಟಲ್ಲಿ 2ಕ್ಕೆ ಒಂದೇ. ಅಂದ್ರೆ ಗಾಳಿ ಅಷ್ಟಾಗಿ ಆಡದೆ, ಪೂರ್ತಿ ಮುಚ್ಚಿಯೂ ಹೋಗದೆ, ನೀರು ಮಾತ್ರ ಜಿನುಗ್ತಾ ಇರೋ ಇಕ್ಕಟ್ಟಾದ ಬಿರುಕೇ ಇದಕ್ಕೆ ಬೇಕು, ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಬೇರೆ ಏನೋ ಆಗ್ಬಿಡುತ್ತೆ. ಅಪರೂಪ ಆಗೋದು ಅದಕ್ಕೇ.

ಇದನ್ನ ಮೊದ್ಲು ವಿವರಿಸಿದ್ದು 1902ರಲ್ಲಿ, ಇಟಲಿಯ ಲೊಂಬಾರ್ಡಿಲಿ ಸಿಕ್ಕ ಮಾದರಿಯಿಂದ, ಲುಯಿಜಿ ಬ್ರೂನ್ಯಾಟೆಲ್ಲಿ. ಹೆಸರು ಮಿಲಾನಿನ ಖನಿಜ ವಿಜ್ಞಾನಿ ಎತ್ತೊರೆ ಆರ್ಟಿನಿ ಅವರದ್ದು.

ಒಂದು ಮಾತು ದಯವಿಟ್ಟು ಮರೀಬೇಡಿ. ಸರ್ಪೆಂಟಿನೈಟಲ್ಲಿ ಕಲ್ನಾರು ಅಂದ್ರೆ ಆಸ್ಬೆಸ್ಟಾಸೂ ಬಿಳಿ ಎಳೆಯಾಗೇ ಇರುತ್ತೆ, ಬರೀ ಕಣ್ಣಲ್ಲಿ ನೋಡಿ ಮೋಸ ಹೋಗೋದು ಸುಲಭ. ಸ್ಯಾನ್ ಬೆನಿಟೊದ ಕ್ಲಿಯರ್ ಕ್ರೀಕ್ ಜಾಗವನ್ನ 2008ರಲ್ಲಿ ಜನ ಓಡಾಡದ ಹಾಗೆ ಮುಚ್ಚಿದ್ದೇ ಆ ಕಲ್ನಾರಿನ ಧೂಳಿಗೆ. ಮಕ್ಕಳ ಕೈಗೆ ಕೊಟ್ಟು ಉಜ್ಜಿಸೋದು, ಮನೆಲಿ ಸುತ್ತಿಗೆಲಿ ಒಡೆಯೋದು ಬೇಡವೇ ಬೇಡ.

ಪ್ರಶ್ನೆ: ನಮ್ಮೂರು ಮೈಸೂರು. ದೊಡ್ಡಕಾನ್ಯದ ಬಿಳಿ ಮ್ಯಾಗ್ನೆಸೈಟೂ ಇದೇನಾ?

ಉತ್ತರ: ನೆಂಟಸ್ತಿಕೆ ಇದೆ, ಅದೇ ಅಲ್ಲ. ಅಲ್ಲೂ ಆಲಿವೀನ್ ತುಂಬಿರೋ ಕಲ್ಲಿನ ಬಿರುಕಲ್ಲೇ ಬಿಳಿ ಎಳೆ ಓಡಿರೋದು, ಆದ್ರೆ ಆ ಮ್ಯಾಗ್ನೆಸೈಟ್ ಒಳಗೆ ನೀರಿಲ್ಲ, ಸೂಜಿನೂ ಅಲ್ಲ, ಪಿಂಗಾಣಿ ತರ ಗಟ್ಟಿ ಗಡ್ಡೆ. ಸೇಲಂ ಹತ್ರದ ಚಾಕ್ ಹಿಲ್ಸಲ್ಲೂ ಸಿಗೋದು ಇದೇ, ಕುಲುಮೆ ಇಟ್ಟಿಗೆಗೆ ಹೋಗುತ್ತೆ. ಲ್ಯಾಬಲ್ಲಿ ನೋಡೋದಾದ್ರೆ, ತಣ್ಣಗಿರೋ ತೆಳು ಆಸಿಡ್ ಒಂದು ಹನಿ ಹಾಕಿದ್ರೆ ಆರ್ಟಿನೈಟ್ ನೊರೆ ಬಿಡುತ್ತೆ, ಮ್ಯಾಗ್ನೆಸೈಟ್ ಚೆನ್ನಾಗಿ ನೊರೆ ಬಿಡ್ಬೇಕಾದ್ರೆ ಆಸಿಡ್ ಬಿಸಿ ಮಾಡ್ಬೇಕು.