ಆಪ್ತಸಲಹೆ ಪ್ರಕರಣ: ಮಳೆಗಾಲದ ರಾತ್ರಿ ಕಾವಲು

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಮಡಿಕೇರಿ ತಾಲ್ಲೂಕಿನ 71 ವರ್ಷದ ತಾಯಿ. 2018ರ ಆಗಸ್ಟ್‌ನಲ್ಲಿ ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ಇಳಿಜಾರು) ಜರಿದು, ಉಟ್ಟ ಬಟ್ಟೆಯಲ್ಲೇ ಪರಿಹಾರ ಕೇಂದ್ರ ಸೇರಿದ್ದವರು. ಅಂದಿನಿಂದ ಜೂನ್ ಬಂತೆಂದರೆ ನಿದ್ದೆಯಿಲ್ಲ. ಹೆಂಚಿನ ಮೇಲೆ ಮಳೆ ಜೋರಾದೊಡನೆ ಟಾರ್ಚ್ ಹಿಡಿದು ಹೊರಡುತ್ತಾರೆ, ರಾತ್ರಿಗೆ ನಾಲ್ಕೈದು ಸಲ. ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿದ ಮೇಲೆ ಸೊಸೆ ಕರೆತಂದರು.

"ಎಲ್ಲರೂ ಮಲಗಿದ್ರೆ ಕಾಯೋರ್ಯಾರು?" ಎಂಬುದು ಅವರ ಪ್ರಶ್ನೆ. ಬರೆ ನಿಜವಾಗಿಯೇ ಜರಿದಿತ್ತು. ಈ ಭಯವನ್ನು ಭ್ರಮೆ ಎನ್ನುವುದು ಅನ್ಯಾಯ. ತೊಂದರೆ ಇರುವುದು ಕಾವಲಿನಲ್ಲಿ. ಹೋಗಿ ನೋಡಿದಾಗಲೆಲ್ಲ ಏನೂ ಆಗಿರುವುದಿಲ್ಲ, 'ನಾನು ನೋಡಿದ್ದಕ್ಕೇ ಉಳಿಯಿತು' ಎಂದು ಮನಸ್ಸು ನಂಬುತ್ತದೆ. ಮರುರಾತ್ರಿ ಹೋಗದಿರಲು ಆಗುವುದಿಲ್ಲ.

ಹಾಗಾಗಿ ಕಾವಲನ್ನು ಬಿಡಿಸಲಿಲ್ಲ, ಹಗಲಿಗೆ ತಂದೆವು. ಬೆಳಗ್ಗೆ 8.30ಕ್ಕೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಇಂಚು ಬರೆಯುವುದು. ಸಂಜೆ 5ಕ್ಕೆ ಸೊಸೆಯೊಂದಿಗೆ ಹತ್ತು ನಿಮಿಷ ಬರೆ ನೋಡುವುದು: ಹೊಸ ಬಿರುಕು, ವಾಲಿದ ಮರ, ಹೊಸದಾಗಿ ಒಸರುವ ನೀರು, ತೋಡಿನ (ಸಣ್ಣ ಹಳ್ಳದ) ನೀರು ದಿಢೀರ್ ಕೆಂಪಾಗುವುದು. ಇವುಗಳಲ್ಲಿ ಒಂದು ಕಂಡರೂ, ಅಥವಾ ಹವಾಮಾನ ಇಲಾಖೆಯ ರೆಡ್ ಅಲರ್ಟ್ ಬಂದರೂ (ಸಾಮಾನ್ಯವಾಗಿ 24 ಗಂಟೆಯಲ್ಲಿ ಮಳೆ 204.4 ಮಿ.ಮೀ. ಮೀರುವ ಅಂದಾಜು, ಅಂದರೆ ಸುಮಾರು 8 ಇಂಚು) ಕತ್ತಲಾಗುವ ಮೊದಲೇ ಎಲ್ಲರೂ ನೆಂಟರ ಮನೆಗೆ. ವಾರದ ಮಾತ್ರೆ, ಕನ್ನಡಕ, ಆಧಾರ್, ಆರ್‌ಟಿಸಿ ಪ್ರತಿ ಇರುವ ಚೀಲ ಬಾಗಿಲ ಬಳಿ ಸಿದ್ಧ. ತೀರ್ಮಾನ ಹಗಲೇ ಆಗಿದ್ದರೆ ನಡುರಾತ್ರಿ ಒಬ್ಬರೇ ಯೋಚಿಸಬೇಕಿಲ್ಲ.

ಎಚ್ಚರವಾದರೆ ಮಂಚದಲ್ಲೇ ಕೂತು, ಪಾದ ನೆಲಕ್ಕೂರಿ, ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡುವುದು, ಐದು ನಿಮಿಷ. ಇದನ್ನು ಹಗಲಲ್ಲಿ ಎರಡು ಹೊತ್ತು ರೂಢಿಸಿಕೊಳ್ಳದಿದ್ದರೆ ರಾತ್ರಿ ಕೈಕೊಡುತ್ತದೆ. ಮಧ್ಯಾಹ್ನದ ಮೇಲಿನ ಕಾಫಿ ನಿಲ್ಲಬೇಕು. ಒಮ್ಮೆಲೇ ಬಿಟ್ಟರೆ ತಲೆನೋವು, ಮೂರು ದಿನಕ್ಕೊಂದು ಲೋಟದಂತೆ ಇಳಿಸಿದರು. ನೆರೆಮನೆಯವರು ಕೊಟ್ಟಿದ್ದ ನಿದ್ದೆ ಮಾತ್ರೆ ಬೇಡವೇ ಬೇಡ ಎಂದೆವು: ಈ ವಯಸ್ಸಿನಲ್ಲಿ ಅದರಿಂದ ಬೀಳುವ, ಗೊಂದಲವಾಗುವ ಅಪಾಯ ಹೆಚ್ಚು. ಬಿಪಿ, ಥೈರಾಯ್ಡ್ ಪರೀಕ್ಷೆಗೆ ವೈದ್ಯರಲ್ಲಿಗೆ ಕಳಿಸಿದೆವು. ರಾತ್ರಿ ತೀರಾ ಸಂಕಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416, ಕನ್ನಡದಲ್ಲೇ ಮಾತಾಡಬಹುದು.

ಮೂರನೇ ವಾರ ಎಡವಿತು. ಯಾರೋ ವಾಟ್ಸಾಪ್‌ನಲ್ಲಿ ಹಳೇ ಭೂಕುಸಿತದ ವಿಡಿಯೊ ಕಳಿಸಿದ್ದರು, ಆ ರಾತ್ರಿ ಮತ್ತೆ ಅಂಗಳಕ್ಕೆ. ಬೆಂಗಳೂರಿನ ಮಗ ದಿನಾ ಫೋನಿನಲ್ಲಿ "ಏನೂ ಆಗಲ್ಲ, ಮಲಗಮ್ಮ" ಎನ್ನುತ್ತಿದ್ದರು. ಪ್ರೀತಿಯ ಮಾತೇ, ಆದರೆ ಕೇಳಿದವರಿಗೆ ತಮ್ಮ ಭಯವನ್ನು ಒಬ್ಬರೇ ಹೊರಬೇಕಾಯಿತೆನಿಸುತ್ತದೆ. ಈಗ ಅವರು "ಇವತ್ತೆಷ್ಟು ಇಂಚಾಯ್ತಮ್ಮ?" ಎಂದು ಕೇಳುತ್ತಾರೆ.

ಆರನೇ ವಾರಕ್ಕೆ ಹೊರಹೋಗುವುದು ನಿಂತಿದೆ, ಎಚ್ಚರವಾಗುವುದು ನಿಂತಿಲ್ಲ. ಆಗಸ್ಟ್ ನಡುವಿನ ದಿನಗಳು ಇನ್ನೂ ಕಷ್ಟ. ಆ ವಾರ ಸೊಸೆ ಅವರ ಕೋಣೆಯಲ್ಲೇ ಮಲಗುತ್ತಾರೆ.