ನನಗೆ ಅಷ್ಟೇನೂ ಹಾಡಲು ಬರುವುದಿಲ್ಲ. ಲಿಬ್ರಿವಾಕ್ಸ್‌ನ ಕ್ರಿಸ್‌ಮಸ್ ಕ್ಯಾರಲ್ ಸಂಗ್ರಹಕ್ಕೆ ಕನ್ನಡದ ಹಾಡು ಕಳಿಸಬಹುದಾ? ಯಾವ ಹಾಡು ಆರಿಸಲಿ?

ಧಾರಾಳವಾಗಿ ಕಳಿಸಿ. ಹಾಡಲು ಬರುವುದಿಲ್ಲ ಅನ್ನೋದು ಇಲ್ಲಿ ಅಡ್ಡಿಯೇ ಅಲ್ಲ. ಅಡ್ಡಿ ಬರುವುದು ನಿಮ್ಮ ಎರಡನೇ ಪ್ರಶ್ನೆಯಲ್ಲಿ. ಯಾವ ಹಾಡು, ಅದರ ಸಾಲು ಯಾರು ಬರೆದದ್ದು, ಯಾವಾಗ ಅಚ್ಚಾಯಿತು ಅನ್ನುವುದನ್ನು ಹುಡುಕುವಷ್ಟರಲ್ಲಿ ಅರ್ಧ ಡಿಸೆಂಬರ್ ಮುಗಿದಿರುತ್ತದೆ. ನಾನು ಮಂಗಳೂರಿನವನು. ಚರ್ಚಿನ ಕ್ಯಾರಲ್ ಗುಂಪಿನ ಹಿಂದಿನ ಸಾಲಿನಲ್ಲಿ ನಿಂತು ಹಾಡುವವನು. ಕೆಲವು ವರ್ಷಗಳಿಂದ ಲಿಬ್ರಿವಾಕ್ಸ್‌ಗೆ ಪಾಠಗಳನ್ನು ಓದಿ ಕಳಿಸುತ್ತೇನೆ, ಆಗೊಮ್ಮೆ ಈಗೊಮ್ಮೆ ಹಾಡನ್ನೂ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಲು ಈ ಹೆಸರು ಕೇಳದವರಿಗೆ ಎರಡು ಮಾತು. ಲಿಬ್ರಿವಾಕ್ಸ್ ಅನ್ನು 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯೂ ಮೆಕ್‌ಗ್ವೈರ್ ಶುರು ಮಾಡಿದರು. ಕಾಪಿರೈಟ್ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಮನೆಯಲ್ಲೇ ಕೂತು ಓದಿ ರೆಕಾರ್ಡ್ ಮಾಡುತ್ತಾರೆ. ಇನ್ನೊಬ್ಬ ಸ್ವಯಂಸೇವಕರು ಕೇಳಿ ತಪ್ಪು ಹುಡುಕುತ್ತಾರೆ. ಕೊನೆಗೆ ಅದು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಎಲ್ಲರಿಗೂ ಪುಕ್ಕಟೆ ಸಿಗುತ್ತದೆ. ಪುಸ್ತಕಗಳ ನಡುವೆ ಕ್ಯಾರಲ್ ಸಂಗ್ರಹಗಳೂ ಬಂದಿವೆ. ಬೇರೆ ಬೇರೆ ದೇಶದವರು ತಮ್ಮ ತಮ್ಮ ಭಾಷೆಯ ಹಳೆಯ ಕ್ರಿಸ್‌ಮಸ್ ಹಾಡನ್ನು ಹಾಡಿ ಅದಕ್ಕೆ ಸೇರಿಸುತ್ತಾರೆ.

ದನಿಯ ವಿಷಯ ಮೊದಲು ಮುಗಿಸಿಬಿಡೋಣ. ಲಿಬ್ರಿವಾಕ್ಸ್‌ನಲ್ಲಿ ಒಂದು ಒಳ್ಳೆಯ ರೂಢಿ ಇದೆ. ನೀವಾಗಿ ಕೇಳದೆ ಯಾರೂ ನಿಮ್ಮ ದನಿ, ಉಚ್ಚಾರದ ಬಗ್ಗೆ ಟೀಕೆ ಮಾಡುವುದಿಲ್ಲ. ಪರೀಕ್ಷಿಸುವವರು ನೋಡುವುದು ಗೊರಗೊರ ಸದ್ದು ಇದೆಯಾ, ಸಾಲು ಬಿಟ್ಟುಹೋಗಿದೆಯಾ, ದನಿ ಜಾಸ್ತಿಯಾಗಿ ಒಡೆದಿದೆಯಾ ಅನ್ನುವುದನ್ನು. ಇನ್ನೊಂದು ಮಾತು. ಕ್ಯಾರಲ್‌ಗಳು ಸಂಗೀತ ಕಲಿತವರ ಸ್ವತ್ತಾಗಿ ಹುಟ್ಟಿದವಲ್ಲ. ವೇಲ್ಸ್‌ನಲ್ಲಿ ಪ್ಲಗೈನ್ ಅಂತ ಒಂದು ಪದ್ಧತಿ ಇದೆ. ಹಿಂದೆ ಕ್ರಿಸ್‌ಮಸ್ ದಿನ ಬೆಳಕು ಹರಿಯುವ ಮುಂಚೆ ಚರ್ಚಿನಲ್ಲಿ ಸೇರುತ್ತಿದ್ದರು. ವಾದ್ಯ ಇಲ್ಲ. ಒಂದೊಂದು ಮನೆಯವರು, ಒಂದೊಂದು ಗೆಳೆಯರ ಗುಂಪು ಎದ್ದು ಬಂದು ಹಾಡಿ ಕೂರುವುದು. ಒಬ್ಬರು ಹಾಡಿದ ಹಾಡನ್ನು ಇನ್ನೊಬ್ಬರು ಮತ್ತೆ ಹಾಡುವಂತಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಸುತ್ತಮುತ್ತ ಇವತ್ತಿಗೂ ನವೆಂಬರ್ ಮಧ್ಯದಿಂದ ಪಬ್‌ಗಳಲ್ಲಿ ಕ್ಯಾರಲ್ ಹಾಡುತ್ತಾರೆ, ಕೈಯಲ್ಲಿ ಬಿಯರ್ ಲೋಟ ಹಿಡಿದು. ಅಲ್ಲಿ ಯಾರೂ ಶ್ರುತಿಪೆಟ್ಟಿಗೆ ಇಟ್ಟು ಪರೀಕ್ಷೆ ಮಾಡುವುದಿಲ್ಲ, ಅಲ್ವಾ?

ಈಗ ಕಷ್ಟದ ಭಾಗ. ‘ಇದು ಹಳೇ ಹಾಡು, ಯಾರಾದ್ರೂ ಹಾಡಬಹುದು’ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಒಂದು ಹಾಡು ಅಂದರೆ ಕಾನೂನಿನ ಕಣ್ಣಿಗೆ ಒಂದೇ ವಸ್ತು ಅಲ್ಲ. ಧಾಟಿ ಒಂದು, ಮೂಲ ಸಾಲುಗಳು ಇನ್ನೊಂದು, ಅನುವಾದ ಮತ್ತೊಂದು, ನಾಲ್ಕು ದನಿಗೆ ಕೂಡಿಸಿದ ಜೋಡಣೆ ಬೇರೆ, ನೀವು ಹಿನ್ನೆಲೆಗೆ ಹಾಕಿಕೊಳ್ಳುವ ಟ್ರ್ಯಾಕ್ ಬೇರೆಯೇ. ಒಂದೊಂದಕ್ಕೂ ಒಂದೊಂದು ವಯಸ್ಸು.

ಇದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಉಕ್ರೇನಿನ ‘ಶ್ಚೆದ್ರಿಕ್’. ಮಿಕೋಲಾ ಲಿಯೊಂಟೊವಿಚ್ ಜಾನಪದ ಧಾಟಿಯೊಂದನ್ನು ಹಿಡಿದು ಮಾಡಿದ ಗುಂಪುಗಾಯನ. 1916ರಲ್ಲಿ ಕೀವ್‌ನಲ್ಲಿ ಮೊದಲು ಹಾಡಿದರು. ಅದು ನಿಜವಾಗಿ ಹೊಸ ವರ್ಷದ ಹಾಡು. ಗುಬ್ಬಿಯಂಥ ಪುಟ್ಟ ಹಕ್ಕಿಯೊಂದು, ಸ್ವಾಲೋ ಅಂತಾರಲ್ಲ ಅದು, ಹಾರಿ ಬಂದು ಮನೆಯ ಯಜಮಾನನನ್ನು ಕರೆಯುತ್ತದೆ. ಕೊಟ್ಟಿಗೆಗೆ ಹೋಗಿ ನೋಡು, ನಿನ್ನ ಕುರಿಗಳು ಮರಿ ಹಾಕಿವೆ ಅನ್ನುತ್ತದೆ. ಕ್ರಿಸ್‌ಮಸ್ ಇಲ್ಲ, ಗಂಟೆ ಇಲ್ಲ. 1922ರಲ್ಲಿ ಉಕ್ರೇನಿನ ಗಾಯಕ ತಂಡ ಇದನ್ನು ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಹಾಡಿತು. ಆಮೇಲೆ 1936ರಲ್ಲಿ ಪೀಟರ್ ವಿಲ್ಹೌಸ್ಕಿ ಅದಕ್ಕೆ ಇಂಗ್ಲಿಷ್‌ನಲ್ಲಿ ಗಂಟೆಗಳ ಹಾಡು ಬರೆದರು. ಇವತ್ತು ಅಂಗಡಿಗಳಲ್ಲಿ ಕೇಳಿಬರುವ ‘ಕ್ಯಾರಲ್ ಆಫ್ ದ ಬೆಲ್ಸ್’ ಅದೇ. ಈಗ ನೋಡಿ ತಮಾಷೆ. ಲಿಯೊಂಟೊವಿಚ್ 1921ರಲ್ಲೇ ಕೊಲೆಯಾದರು, ಹಾಗಾಗಿ ಉಕ್ರೇನಿಯನ್ ಹಾಡನ್ನು ನಿಶ್ಚಿಂತೆಯಿಂದ ಹಾಡಬಹುದು. ಇಂಗ್ಲಿಷ್ ಸಾಲು ಮಾತ್ರ ಅಮೆರಿಕದಲ್ಲಿ 2032 ಜನವರಿವರೆಗೆ ಮುಟ್ಟುವಂತಿಲ್ಲ. ಅಲ್ಲಿಯ ಲೆಕ್ಕದಲ್ಲಿ ಇಂಥ ಹಾಡು ಪ್ರಕಟವಾದ ವರ್ಷದಿಂದ 95 ವರ್ಷ ಮುಗಿಯಬೇಕು. ಲಿಬ್ರಿವಾಕ್ಸ್ ನೋಡುವುದು ಅಮೆರಿಕದ ಕಾನೂನನ್ನೇ. ನಿಮ್ಮ ದೇಶದ ಕಾನೂನನ್ನು ನೀವೇ ನೋಡಿಕೊಳ್ಳಬೇಕು. ಭಾರತದಲ್ಲಿ ಬರೆದವರು ತೀರಿಕೊಂಡು 60 ವರ್ಷ.

ಎಲ್ಲರಿಗೂ ಪ್ರಿಯವಾದ ‘ಸೈಲೆಂಟ್ ನೈಟ್’ ಮಾತ್ರ ಈ ತಾಪತ್ರಯ ಇಲ್ಲದ ಹಾಡು. ಯೋಸೆಫ್ ಮೋರ್ ಅನ್ನುವ ಪಾದ್ರಿ 1816ರಲ್ಲಿ ಜರ್ಮನ್ ಕವಿತೆ ಬರೆದಿದ್ದರು. 1818ರ ಡಿಸೆಂಬರ್ 24ರಂದು ಮೇಷ್ಟ್ರು ಫ್ರಾನ್ಜ್ ಗ್ರೂಬರ್ ಅದಕ್ಕೆ ಧಾಟಿ ಹಾಕಿದರು. ಅವತ್ತು ರಾತ್ರಿ ಸಾಲ್ಜ್‌ಬರ್ಗ್ ಹತ್ತಿರದ ಓಬರ್ನ್‌ಡಾರ್ಫ್‌ನ ಚರ್ಚಿನಲ್ಲಿ ಮೋರ್ ಗಿಟಾರ್ ನುಡಿಸಿದರು, ಇಬ್ಬರೂ ಸೇರಿ ಹಾಡಿದರು. ಆರ್ಗನ್ನಿನ ತಿದಿಯನ್ನು ಇಲಿ ಕಡಿದಿತ್ತು ಅನ್ನುವ ಕಥೆ ಆಮೇಲೆ ಯಾರೋ ಕಟ್ಟಿದ್ದು, ಅದಕ್ಕೆ ಆಧಾರ ಇಲ್ಲ. ಮೂಲದಲ್ಲಿ ಆರು ಚರಣ, ನಾವು ಹಾಡುವುದು ಮೂರು. ಇಂಗ್ಲಿಷ್ ಅನುವಾದ 1859ರದ್ದು, ಜಾನ್ ಫ್ರೀಮನ್ ಯಂಗ್ ಅವರದು. ಅಲ್ಲಿಗೆ ಧಾಟಿ, ಜರ್ಮನ್, ಇಂಗ್ಲಿಷ್ ಮೂರೂ ಎಲ್ಲರ ಸ್ವತ್ತು. ಆದರೆ ಕನ್ನಡದ ಸಾಲು? ಅದನ್ನು ಬರೆದವರು ಯಾರು, ಯಾವಾಗ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಚರ್ಚಿನಲ್ಲಿ ಹಂಚುವ ಝೆರಾಕ್ಸ್ ಹಾಳೆಯಲ್ಲಿ ಸಾಮಾನ್ಯವಾಗಿ ಬರೆದವರ ಹೆಸರೇ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದದ್ದಂತೂ ಬಿಡಿ.

ಹಾಗಾದರೆ ಕನ್ನಡಕ್ಕೆ ದಾರಿ ಏನು? ಹಳೆಯ ಅಚ್ಚು ಪುಸ್ತಕ ಹುಡುಕುವುದು. ಈ ವಿಷಯದಲ್ಲಿ ನಾವು ಅದೃಷ್ಟವಂತರು. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಅವರ ಮುದ್ರಣಾಲಯ ಶುರುವಾದದ್ದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಇದೇ ಮಿಶನ್ನಿನವರು. ಅವರ ಕಾಲದಿಂದಲೂ ಕನ್ನಡದಲ್ಲಿ, ತುಳುವಿನಲ್ಲಿ ಗೀತ ಪುಸ್ತಕಗಳು ಅಚ್ಚಾಗಿವೆ. ಜರ್ಮನ್ ಧಾಟಿಗೆ ಕನ್ನಡ ಸಾಲು ಕೂರಿಸಿದ ಹಾಡುಗಳೇ ಅವುಗಳಲ್ಲಿ ಜಾಸ್ತಿ. ನಮ್ಮ ಅಜ್ಜಿಯರು ಎಳೆದು ಎಳೆದು ಹಾಡುತ್ತಿದ್ದರಲ್ಲ, ಅವೇ. ಈ ಹಳೆಯ ಪುಸ್ತಕಗಳು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿ ನೋಡಲು ಸಿಗುತ್ತವೆ. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗುಂಡರ್ಟ್ ಪೋರ್ಟಲ್‌ನಲ್ಲೂ ಮಲಯಾಳಂ ಜೊತೆಗೆ ಕನ್ನಡ, ತುಳು ಪುಸ್ತಕಗಳ ಸ್ಕ್ಯಾನ್ ಇವೆ. ಅದಕ್ಕೆ ಮನೆಯಿಂದ ಏಳಬೇಕಾಗಿಯೂ ಇಲ್ಲ.

ಅಲ್ಲಿ ಮುಖಪುಟದ ವರ್ಷ ನೋಡಿ. 95 ವರ್ಷಕ್ಕಿಂತ ಹಳೆಯದಾಗಿದ್ದು, ಬರೆದವರು ಹತ್ತೊಂಬತ್ತನೇ ಶತಮಾನದವರಾಗಿದ್ದರೆ ತಲೆಬಿಸಿ ಇಲ್ಲ. ಹೆಸರೇ ಇಲ್ಲದ ಹಾಡಾದರೆ ಭಾರತದ ಕಾನೂನು ಪ್ರಕಟವಾದ ವರ್ಷದಿಂದ 60 ವರ್ಷ ಎಣಿಸುತ್ತದೆ. ಇಲ್ಲೊಂದು ಸಿಕ್ಕು ಇದೆ, ಗಮನಿಸಿ. 1950ರಲ್ಲಿ ಅಚ್ಚಾದ, ಹೆಸರಿಲ್ಲದ ಕನ್ನಡ ಹಾಡು ಭಾರತದಲ್ಲಿ ಎಂದೋ ಮುಕ್ತವಾಗಿದೆ. ಅಮೆರಿಕದಲ್ಲಿ ಅಲ್ಲ. ಅಲ್ಲಿ 1996ರಲ್ಲಿ ಬೇರೆ ದೇಶದ ಕೃತಿಗಳಿಗೆ ರಕ್ಷಣೆ ಮರಳಿ ಕೊಟ್ಟರು. ಆಗ ಈ ಹಾಡು ಇಲ್ಲಿ ಇನ್ನೂ ಕಾಪಿರೈಟ್‌ನಲ್ಲಿತ್ತು. ಹಾಗಾಗಿ ಅಲ್ಲಿ ಪೂರ್ತಿ 95 ವರ್ಷ ಕಾಯಬೇಕು. ಸುಮ್ನೆ ಯಾಕೆ ಪೇಚಾಟ, ಹಳೆಯದನ್ನೇ ಆರಿಸಿ.

ಒಂದು ಆಸೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಘಂಟಿನ ಕಿಟೆಲ್ ಗೊತ್ತಲ್ಲ, ಅವರು 1862ರಲ್ಲಿ ‘ಕಥಾಮಾಲೆ’ ಅಂತ ಯೇಸುವಿನ ಬದುಕನ್ನು ಕನ್ನಡದ ಛಂದಸ್ಸಿನಲ್ಲೇ ಪದ್ಯವಾಗಿ ಬರೆದರು. ಕಿಟೆಲ್ ತೀರಿಕೊಂಡದ್ದು 1903ರಲ್ಲಿ, ಕಾಪಿರೈಟ್ ಪ್ರಶ್ನೆಯೇ ಇಲ್ಲ. ಗಮಕ ಬಲ್ಲವರು ಯಾರಾದರೂ ಅದನ್ನು ಕೈಗೆತ್ತಿಕೊಂಡು ವಾಚನ ಮಾಡಿದರೆ ಜರ್ಮನ್ ಧಾಟಿಯ ಹತ್ತು ಹಾಡಿಗಿಂತ ಹೆಚ್ಚು ತೂಕದ್ದಾಗುತ್ತದೆ. ನನ್ನ ಗಂಟಲಿಗೆ ಅದು ದಕ್ಕುವುದಿಲ್ಲ. ಈ ಉತ್ತರ ಓದುತ್ತಿರುವವರಲ್ಲಿ ಗಮಕಿಗಳಿದ್ದರೆ ಯೋಚನೆ ಮಾಡಿ.

ನಿಮ್ಮ ಮನೆಮಾತು ಕೊಂಕಣಿಯೋ ತುಳುವೋ ಆಗಿದ್ದರೆ ಅದರಲ್ಲೇ ಹಾಡಿ. ‘ಎಷ್ಟು ಭಾಷೆ ಆಯಿತು’ ಅಂತ ಎಣಿಸುವ ಹುರುಪು ಇಂಥ ಸಂಗ್ರಹಗಳಲ್ಲಿ ಇದ್ದೇ ಇರುತ್ತದೆ. ಆ ಹುರುಪಿನಲ್ಲಿ ಕೆಲವರು ತಮಗೆ ಒಂದಕ್ಷರ ಗೊತ್ತಿಲ್ಲದ ಭಾಷೆಯ ಹಾಡನ್ನೂ ಉರು ಹೊಡೆದು ಹಾಡುತ್ತಾರೆ. ಲ್ಯಾಟಿನ್‌ಗೆ ಅದು ಸರಿ, ‘ಅದೆಸ್ತೆ ಫಿದೇಲೆಸ್’ ಹಾಡಲು ಯಾರೂ ಲ್ಯಾಟಿನ್ ಮಾತಾಡಬೇಕಿಲ್ಲ. ಆದರೆ ಕೆನಡಾದ ಮೂಲನಿವಾಸಿಗಳಾದ ವೆಂಡಾಟ್ ಜನರ ‘ಯೇಸೂಸ್ ಅಹಟೊನ್ಯಾ’ ವಿಷಯ ಹಾಗಲ್ಲ. 1640ರ ದಶಕದಲ್ಲಿ ಜೆಸ್ಯುಯಿಟ್ ಪಾದ್ರಿ ಜಾನ್ ದ ಬ್ರೆಬಫ್ ಬರೆದದ್ದು ಅಂತ ಹೇಳುವ ಹಾಡು ಅದು, ಧಾಟಿ ಫ್ರೆಂಚ್ ಜಾನಪದದ್ದು. ಆ ಭಾಷೆ ಮಾತಾಡುವವರೇ ಇಲ್ಲವಾಗಿ, ಈಗ ಅವರ ವಂಶದವರು ಹಳೆಯ ಬರಹಗಳಿಂದ ಮತ್ತೆ ಕಲಿಯುತ್ತಿದ್ದಾರೆ. ಜಗತ್ತಿನಲ್ಲಿ ಜಾಸ್ತಿ ಓಡಾಡುತ್ತಿರುವುದು 1926ರಲ್ಲಿ ಜೆಸ್ಸಿ ಮಿಡಲ್‌ಟನ್ ಬರೆದ ಇಂಗ್ಲಿಷ್ ಹಾಡು. ಅದು ಅನುವಾದ ಅಲ್ಲ, ಬೇರೆಯೇ ಹಾಡು. ಕಾನೂನು ಪ್ರಕಾರ ನಾನು ವೆಂಡಾಟ್ ಸಾಲುಗಳನ್ನು ಇವತ್ತೇ ಹಾಡಿ ಕಳಿಸಬಹುದು. ಕಳಿಸುವುದಿಲ್ಲ. ಪಟ್ಟಿಗೆ ಒಂದು ಭಾಷೆ ಸೇರುತ್ತದೆ ಅಂತ ಅವರು ಕಷ್ಟಪಟ್ಟು ಕಲಿಯುತ್ತಿರುವ ಉಚ್ಚಾರವನ್ನು ನಾನು ಕೆಡಿಸಿ ಶಾಶ್ವತವಾಗಿ ಇಂಟರ್‌ನೆಟ್‌ನಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ. ಬೇರೆಯವರು ಬೇರೆ ಹೇಳಬಹುದು.

ರೆಕಾರ್ಡಿಂಗ್ ಬಗ್ಗೆ ಹೇಳಲು ಅಷ್ಟೇನಿಲ್ಲ. ಫೈಲ್ ಎಂಪಿ3, 128 ಕೆಬಿಪಿಎಸ್, 44.1 ಕಿಲೋಹರ್ಟ್ಸ್, ಮೋನೊ ಇರಬೇಕು, ದನಿಯ ಮಟ್ಟ 89 ಡೆಸಿಬಲ್ ಆಸುಪಾಸು. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಇದೆಲ್ಲ ಆಗುತ್ತದೆ. ಫ್ಯಾನ್ ಆರಿಸಿ. ಕರಾವಳಿಯಲ್ಲಿ ಇದು ಶಿಕ್ಷೆಯೇ, ಆದರೂ ಆರಿಸಿ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಎದುರು ನಿಂತರೆ ಕೋಣೆಯ ಮಾರ್ದನಿ ಕಡಿಮೆಯಾಗುತ್ತದೆ. ಮೈಕ್ ಬಾಯಿಯ ನೇರಕ್ಕೆ ಬೇಡ, ಸ್ವಲ್ಪ ಓರೆಗೆ ಇಡಿ. ಹಾಡುವಾಗ ದನಿ ಓದುವಾಗಿನಂತೆ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆದ್ದರಿಂದ ಅತಿ ಎತ್ತರದ ಸಾಲನ್ನು ಮೊದಲು ಹಾಡಿ ನೋಡಿಕೊಂಡು ಮೈಕಿನ ಮಟ್ಟ ಹೊಂದಿಸಿ. ‘ಸೈಲೆಂಟ್ ನೈಟ್’ ಕೇಳಲು ಸುಲಭ, ಹಾಡಲು ಅಲ್ಲ. ತಗ್ಗಿನ ಸ್ವರದಿಂದ ಎತ್ತರದ ಸ್ವರಕ್ಕೆ ಒಂದು ಸ್ಥಾಯಿ ದಾಟಿ ಇನ್ನೂ ಮೇಲೆ ಹೋಗುತ್ತದೆ. ಹೆಚ್ಚಿನವರು ಶುರುವಿನಲ್ಲೇ ಎತ್ತರಕ್ಕೆ ಹಿಡಿದು ಮೂರನೇ ಸಾಲು ದಾಟುವಷ್ಟರಲ್ಲಿ ಕಿರುಚುತ್ತಾರೆ. ತಗ್ಗಿನಲ್ಲಿ ಶುರು ಮಾಡಿ. ಕೊನೆಯಲ್ಲಿ ಐದು ಸೆಕೆಂಡ್ ಮೌನ ಬಿಡಿ.

ಯೂಟ್ಯೂಬ್‌ನ ಕ್ಯಾರಿಯೋಕೆ ಟ್ರ್ಯಾಕ್ ಮಾತ್ರ ಬೇಡವೇ ಬೇಡ. ಹಾಡು ಇನ್ನೂರು ವರ್ಷ ಹಳೆಯದಿರಬಹುದು, ಟ್ರ್ಯಾಕ್ ಮಾಡಿದವರ ಹಕ್ಕು ಹೊಚ್ಚ ಹೊಸದು. ನೋಡಿಕೊಂಡು ನುಡಿಸುವ ಪುಸ್ತಕದಲ್ಲೂ ಇದೇ ಕಥೆ. 1928ರ ‘ಆಕ್ಸ್‌ಫರ್ಡ್ ಬುಕ್ ಆಫ್ ಕ್ಯಾರಲ್ಸ್’ನಲ್ಲಿ ಇಂಗ್ಲೆಂಡಿನ ಸಂಗೀತ ರಚನಕಾರ ರಾಲ್ಫ್ ವಾನ್ ವಿಲಿಯಮ್ಸ್ ಹಳ್ಳಿಯವರಿಂದ ಕೇಳಿ ಬರೆದುಕೊಂಡ ಧಾಟಿಗಳಿವೆ. ಧಾಟಿ ಯಾರದ್ದೂ ಅಲ್ಲ, ಆದರೆ ಅವರು ಅದಕ್ಕೆ ಕೂಡಿಸಿದ ಸ್ವರಜೋಡಣೆ ಅವರದ್ದು. ಅವರು ತೀರಿಕೊಂಡದ್ದು 1958ರಲ್ಲಿ. ಬ್ರಿಟನ್‌ನಲ್ಲಿ 70 ವರ್ಷದ ಲೆಕ್ಕ, ಅಂದರೆ ಅಲ್ಲಿ 2028 ಮುಗಿಯುವವರೆಗೆ ಕಾಯಬೇಕು. ವಾದ್ಯ ಇಲ್ಲದೆ ಒಂಟಿ ದನಿಯಲ್ಲಿ ಹಾಡುವುದೇ ಎಲ್ಲಕ್ಕಿಂತ ನಿರಾಳ.

ಕಳಿಸುವ ಮುಂಚೆ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ನಿಮ್ಮ ರೆಕಾರ್ಡಿಂಗನ್ನೂ ನೀವು ಪಬ್ಲಿಕ್ ಡೊಮೇನ್‌ಗೆ, ಅಂದರೆ ಎಲ್ಲರ ಸ್ವತ್ತಾಗಿ, ಬಿಟ್ಟುಕೊಡುತ್ತಿದ್ದೀರಿ. ಯಾರು ಬೇಕಾದರೂ ಅದನ್ನು ಇಳಿಸಿಕೊಳ್ಳಬಹುದು, ಕತ್ತರಿಸಬಹುದು, ಸಿಡಿ ಮಾಡಿ ಮಾರಬಹುದು, ಕೇಕಿನ ಜಾಹೀರಾತಿಗೆ ಹಿನ್ನೆಲೆಯಾಗಿ ಹಾಕಬಹುದು. ಯಾಕೆ ಅಂತ ಕೇಳುವ ಹಕ್ಕು ನಿಮಗೆ ಇರುವುದಿಲ್ಲ. ಸ್ವಂತ ಹೆಸರು ಬೇಡ ಅಂದರೆ ಬೇರೆ ಹೆಸರಿನಲ್ಲಿ ಹಾಡಬಹುದು. ನನಗೆ ನನ್ನ ದನಿಯ ಬಗ್ಗೆ ಆ ಚಿಂತೆ ಇಲ್ಲ. ಆದರೆ ಚರ್ಚಿನ ಗುಂಪನ್ನೋ ಸಂಡೇ ಸ್ಕೂಲ್ ಮಕ್ಕಳನ್ನೋ ಸೇರಿಸಿಕೊಂಡು ಹಾಡುವುದಾದರೆ ರೆಕಾರ್ಡ್ ಮಾಡುವ ಮೊದಲೇ ಇಷ್ಟನ್ನೂ ಪ್ರತಿಯೊಬ್ಬರಿಗೂ, ಮಕ್ಕಳಾದರೆ ಅವರ ಅಪ್ಪ ಅಮ್ಮನಿಗೂ ಬಿಡಿಸಿ ಹೇಳಿ. ಒಬ್ಬರು ಬೇಡ ಅಂದರೂ ಆ ಹಾಡನ್ನು ಮನೆಯವರ ಮಟ್ಟಿಗೆ ಇಟ್ಟುಕೊಂಡು, ಇನ್ನೊಂದನ್ನು ನೀವೊಬ್ಬರೇ ಹಾಡಿ ಕಳಿಸಿ.